ಕಿವಿಯ ತಂತಿಯ ಚರಿತ್ರೆ

ಯಂತ್ರವೊಂದನ್ನು ಕಿವಿಗೆ ಕಟ್ಟಿಕೊಂಡು ಗಂಟೆಗಟ್ಟಲೆ ಕುಳಿತಿರುವ ರೂಢಿಯು ಮನುಷ್ಯನಿಗೆ ಮೊದಲು ದುಡಿಮೆಯ ಮೂಲಕ ಬಂದಿತು. ಅಲೆಗ್ಸಾಂಡರ್ ಗ್ರಹಾಂ ಬೆಲ್ಲನು 1876ರಲ್ಲಿ ಟೆಲಿಫೋನಿಗೆ ಹಕ್ಕುಪತ್ರವನ್ನು ಪಡೆದ ಎರಡು ವರ್ಷಗಳೊಳಗಾಗಿ ಅಮೆರಿಕದ ನಗರಗಳಲ್ಲಿ ವಿನಿಮಯ ಕೇಂದ್ರಗಳು ತೆರೆದವು. ಒಬ್ಬ ಚಂದಾದಾರನ ತಂತಿಯನ್ನು ಮತ್ತೊಬ್ಬನ ತಂತಿಗೆ ಕೈಯಿಂದ ಜೋಡಿಸುವ ಆ ಕೆಲಸಕ್ಕೆ ಮೊದಲು ಹುಡುಗರನ್ನು ನೇಮಿಸಿ, ಅವರ ಒರಟು ಮಾತಿನಿಂದ ಬೇಸತ್ತ ಒಡೆಯರು, 1878ರ ಸೆಪ್ಟೆಂಬರ್ 1ರಂದು ಬಾಸ್ಟನ್ ನಗರದಲ್ಲಿ ಎಮ್ಮಾ ನಟ್ ಎಂಬಾಕೆಯನ್ನು ನೇಮಿಸಿಕೊಂಡರು. ಅಂದಿನಿಂದ ಬಹುಕಾಲ ಈ ಉದ್ಯೋಗವು ಹೆಚ್ಚಾಗಿ ಹೆಂಗಸರದಾಗಿಯೇ ಉಳಿಯಿತು. ಎರಡು ಕೈಗಳೂ ಫಲಕದ ಮೇಲೆ ಎಡೆಬಿಡದೆ ಆಡುತ್ತಿರಬೇಕಾದ ಈ ಕೆಲಸದಲ್ಲಿ ಒಂದು ಕೈಯನ್ನು ಕಿವಿಯ ಬಳಿ ಕಟ್ಟಿಹಾಕುವುದು ಸಾಧ್ಯವಿರಲಿಲ್ಲವಾದುದರಿಂದ, 1880ರ ದಶಕದಲ್ಲಿ ಎಜ್ರಾ ಗಿಲಿಲೆಂಡ್ ಎಂಬುವನು ಒಂದು ಕಿವಿಗೆ ಶಬ್ದವನ್ನು ಮುಟ್ಟಿಸುವ, ಬಾಯಿಯ ಮುಂದೆ ಉದ್ದನೆಯ ಮಾತುಗೊಳವೆಯನ್ನು ಚಾಚುವ, ಹೆಗಲಿನ ಮೇಲೆ ಹೊರಬೇಕಾದ ಉಪಕರಣವೊಂದನ್ನು ರೂಪಿಸಿದನು. ಅದು ಭಾರವಾಗಿತ್ತು, ದಿನವೆಲ್ಲ ಹೊತ್ತವರ ಕತ್ತು ಹೆಗಲುಗಳು ಪಟ್ಟ ಪಾಡನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಆದರೆ ಇಂದು ನಾವು ಹೆಡ್‌ಸೆಟ್ಟು ಎಂದು ಕರೆಯುವ ವಸ್ತುವಿನ ಎರಡು ಲಕ್ಷಣಗಳು, ಕೇಳುವ ಅಂಗವೂ ನುಡಿಯುವ ಅಂಗವೂ ಒಂದೇ ಕಟ್ಟಿನಲ್ಲಿರುವುದು ಮತ್ತು ಕೈಗಳು ಬಿಡುವಾಗಿರುವುದು, ಅಲ್ಲಿಯೇ ಪೂರ್ಣವಾಗಿ ಸಿದ್ಧಿಸಿದ್ದವು.

ಇಂದು ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಒಂದು ಪ್ರಶ್ನೆ ಮತ್ತೆ ಮತ್ತೆ ಏಳುತ್ತಿದೆ: ಕಂಪ್ಯೂಟರಿನಲ್ಲಿಯೋ ದೂರದರ್ಶನದ ಮುಂದೆಯೋ ಆಡುವವರಿಗಾಗಿ ತಯಾರಾದ ನಿಸ್ತಂತು ಹೆಡ್‌ಸೆಟ್ಟಿಗೆ, ಅಂದರೆ ಜನರು ವೈರ್‌ಲೆಸ್ ಗೇಮಿಂಗ್ ಹೆಡ್‌ಸೆಟ್ ಎನ್ನುವುದಕ್ಕೆ, ಅಷ್ಟೊಂದು ಹಣವನ್ನು ಹಾಕುವುದು ತಕ್ಕದ್ದೇ? ಅಂಗಡಿಯವನನ್ನು ಕೇಳಿದರೆ ಹೊಸದು ಮೇಲು ಎನ್ನುವನು. ಆಟದ ಹುಡುಗನನ್ನು ಕೇಳಿದರೆ ಗೆಳೆಯನ ಬಳಿ ಇರುವುದು ಮೇಲು ಎನ್ನುವನು. ನನ್ನ ಎಣಿಕೆಯಲ್ಲಿ ಈ ಪ್ರಶ್ನೆಗೆ ವಿಶ್ವಸನೀಯವಾದ ಉತ್ತರವನ್ನು ಕೊಡಬಲ್ಲುದು ಆ ವಸ್ತುವಿನ ಚರಿತ್ರೆಯೇ. ನೂರ ನಲವತ್ತು ವರ್ಷಗಳಿಗೂ ಮಿಗಿಲಾದ ಈ ಅವಧಿಯಲ್ಲಿ ಯಾರು ಯಾವ ಅಗತ್ಯಕ್ಕಾಗಿ ತಂತಿಯನ್ನು ಉಳಿಸಿಕೊಂಡರು, ಯಾರು ಏಕೆ ಕಡಿದರು, ಕಡಿದುದಕ್ಕೆ ಯಾವ ಬೆಲೆಯನ್ನು ತೆತ್ತರು ಎಂಬುದನ್ನು ಬಲ್ಲವನು ಮೋಸಹೋಗುವ ಸಂಭವ ಕಡಿಮೆ.

ಒಂದು ಕಿವಿಯ ಸಾಧನವು ಎರಡು ಕಿವಿಗಳದಾದುದು ಸಂಗೀತದ ನಿಮಿತ್ತದಿಂದ. 1881ರಲ್ಲಿ ಪ್ಯಾರಿಸಿನಲ್ಲಿ ನಡೆದ ವಿದ್ಯುತ್ ಪ್ರದರ್ಶನದಲ್ಲಿ ಕ್ಲೆಮಾಂ ಆದೇರ್ ಎಂಬ ಫ್ರೆಂಚ್ ಯಂತ್ರಜ್ಞನು ಆಪೆರಾ ರಂಗಮಂದಿರದ ವೇದಿಕೆಯ ಅಂಚಿನಲ್ಲಿ ಧ್ವನಿಗ್ರಾಹಕಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ತಂತಿಗಳನ್ನು ದೂರದ ಪ್ರದರ್ಶನ ಭವನದವರೆಗೆ ಎಳೆದು, ಬಂದವರ ಒಂದೊಂದು ಕಿವಿಗೂ ಬೇರೆ ಬೇರೆ ಗ್ರಾಹಕದ ಶಬ್ದವನ್ನು ಒದಗಿಸಿದನು. ಕೇಳಿದವರಿಗೆ ಒಂದು ಹೊಸ ಅನುಭವವಾಯಿತು: ಹಾಡುಗಾರರು ವೇದಿಕೆಯ ಎಡದಿಂದ ಬಲಕ್ಕೆ ನಡೆದಾಡುವುದು ಕಣ್ಣಿಗೆ ಕಾಣದೆ ಹೋದರೂ ಕಿವಿಗೆ ತಿಳಿಯುತ್ತಿತ್ತು. ಇದರ ಕಾರಣವನ್ನು 1907ರಲ್ಲಿ ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲಿ ಸ್ಪಷ್ಟವಾಗಿ ನಿರೂಪಿಸಿದನು. ಬಲಗಡೆಯಿಂದ ಬಂದ ಶಬ್ದವು ಬಲಗಿವಿಯನ್ನು ಮೊದಲು ಮುಟ್ಟಿ, ತಲೆಯನ್ನು ಬಳಸಿ ಎಡಗಿವಿಯನ್ನು ಅನಂತರ ಮುಟ್ಟುತ್ತದೆ; ಈ ಅಂತರವು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆಯಾಗಿದ್ದರೂ ನಮ್ಮ ಮಿದುಳು ಅದನ್ನು ಗ್ರಹಿಸಿ ದಿಕ್ಕನ್ನು ನಿರ್ಣಯಿಸುತ್ತದೆ; ತಾರಸ್ವರದ ಶಬ್ದಗಳಲ್ಲಾದರೋ ತಲೆಯ ನೆರಳಿಗೆ ಬಿದ್ದ ಕಿವಿಗೆ ಶಬ್ದವು ಕ್ಷೀಣವಾಗಿ ತಲಪುವುದರಿಂದ ದಿಕ್ಕು ಗೊತ್ತಾಗುತ್ತದೆ. ಈ ಅಂಶವನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ, ಏಕೆಂದರೆ ಆಟಗಾರನಿಗೆ ಹೆಡ್‌ಸೆಟ್ಟು ಬೇಕಾಗುವ ಮುಖ್ಯ ಪ್ರಯೋಜನವು ಇದರಲ್ಲಿಯೇ ಅಡಗಿದೆ.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯನಾದ ವ್ಯಕ್ತಿ ಅಮೆರಿಕದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್ವಿನ್. ಮಾರ್ಮನ್ ಪಂಥದ ಶ್ರದ್ಧಾಳುವಾಗಿದ್ದ ಆತನಿಗೆ ವಿಶಾಲವಾದ ಪ್ರಾರ್ಥನಾಮಂದಿರದಲ್ಲಿ ಪ್ರವಚನವು ಸರಿಯಾಗಿ ಕೇಳಿಸುತ್ತಿರಲಿಲ್ಲ; ಕ್ಷೀಣಧ್ವನಿಯನ್ನು ವೃದ್ಧಿಗೊಳಿಸುವ ಉಪಾಯವನ್ನು ಹುಡುಕುತ್ತ ಹುಡುಕುತ್ತ ಆತನು ಅದುವರೆಗೆ ಯಾರೂ ಕಂಡಿರದಷ್ಟು ಸೂಕ್ಷ್ಮಗ್ರಾಹಿಯಾದ ಕಿವಿಯ ಸಾಧನವನ್ನು ನಿರ್ಮಿಸಿ, 1910ರಲ್ಲಿ ಒಂದು ಜೊತೆಯನ್ನು ಅಮೆರಿಕದ ನೌಕಾಪಡೆಗೆ ಕಳುಹಿಸಿದನು. ಒಂದೊಂದು ಕಿವಿಯ ಬಟ್ಟಲಿನಲ್ಲಿಯೂ ಸುಮಾರು ಒಂದು ಮೈಲಿ ಉದ್ದದ ಅತಿಸಣ್ಣ ತಾಮ್ರದ ತಂತಿಯನ್ನು ಸುತ್ತಲಾಗಿದ್ದಿತು. ಹೊರಗಿನಿಂದ ಯಾವ ವಿದ್ಯುಚ್ಛಕ್ತಿಯನ್ನೂ ಅದು ಬೇಡುತ್ತಿರಲಿಲ್ಲ. ಅಪರಿಚಿತನೊಬ್ಬನ ಪತ್ರವೆಂದು ಶಂಕಿಸುತ್ತಲೇ ಪರೀಕ್ಷೆಗೆ ತೊಡಗಿದ ನೌಕಾಧಿಕಾರಿಗಳು ಫಲವನ್ನು ಕಂಡು ಬೆರಗಾಗಿ ಹೆಚ್ಚಿನ ಸಂಖ್ಯೆಯಲ್ಲಿ ಕಳುಹಿಸುವಂತೆ ಬರೆದಾಗ, ಬಾಲ್ಡ್ವಿನ್ನನು ತಾನು ಇವನ್ನು ಅಡುಗೆಮನೆಯಲ್ಲಿ ಕುಳಿತು ಮಾಡುತ್ತಿರುವುದರಿಂದ ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಒದಗಿಸಲಾರೆನೆಂದು ತಿಳಿಸಿದನಂತೆ. ತಲೆಗೆ ಹಿತವಾಗಿ ಕೂರಲೆಂದು ಚರ್ಮವನ್ನು ಹೊದಿಸಿ, ಹಿಗ್ಗಿಸಲು ಕುಗ್ಗಿಸಲು ಬರುವ ಎರಡು ಲೋಹದ ಸರಳುಗಳ ಪಟ್ಟಿಯೊಂದನ್ನೂ ಆತನು ರೂಪಿಸಿದನು. ಅದಕ್ಕೆ ಹಕ್ಕುಪತ್ರವನ್ನು ಪಡೆಯಿರೆಂದು ನೌಕಾಪಡೆಯವರು ಸೂಚಿಸಿದರೂ, ಅಂತಹ ಕ್ಷುಲ್ಲಕ ವಸ್ತುವಿಗೆ ಹಕ್ಕುಪತ್ರವೇಕೆಂದು ಸುಮ್ಮನಾದನು. ಇಂದು ಜಗತ್ತಿನ ಅಂಗಡಿಗಳಲ್ಲಿ ತೂಗುತ್ತಿರುವ ಹೆಡ್‌ಸೆಟ್ಟುಗಳೆಲ್ಲ ಆ ಪಟ್ಟಿಯ ಸಂತಾನವೇ. ಸಂಪತ್ತು ಬಂದು ಹೋಗಿ, ಕೊನೆಗೆ ದಿವಾಳಿಯೂ ಆದ ಈ ಮನುಷ್ಯನಿಗೆ ಆಧುನಿಕ ಆಟಗಾರನು ಸಲ್ಲಿಸಬೇಕಾದ ಕೃತಜ್ಞತೆ ದೊಡ್ಡದು.

ಬಾಲ್ಡ್ವಿನ್ನನ ಸಾಧನವನ್ನು ಬೇಡಿದವರು ನಿಸ್ತಂತು ತಾರಿನ ನಾವಿಕರು ಎಂಬುದನ್ನು ಗಮನಿಸಬೇಕು. ಸಂದೇಶವು ಸಮುದ್ರದ ಮೇಲೆ ತಂತಿಯಿಲ್ಲದೆ ಬರುತ್ತಿತ್ತು. ಆದರೆ ಯಂತ್ರದಿಂದ ಕಿವಿಯವರೆಗಿನ ಕೊನೆಯ ಒಂದೆರಡು ಗಜಗಳನ್ನು ತಂತಿಯೇ ದಾಟಿಸುತ್ತಿತ್ತು. ಸಾವಿರಾರು ಮೈಲಿಗಳ ತಂತಿಯನ್ನು ವಿಜ್ಞಾನವು ಮೊದಲು ಕಿತ್ತೊಗೆದು, ಈ ಒಂದೆರಡು ಗಜವನ್ನು ಮುಕ್ಕಾಲು ಶತಮಾನ ಹಾಗೆಯೇ ಉಳಿಸಿದುದು ಆಕಸ್ಮಿಕವಲ್ಲ. ಅಷ್ಟು ಹತ್ತಿರದಲ್ಲಿ ತಂತಿಯು ಯಾವ ಶಕ್ತಿಯನ್ನೂ ಬೇಡದೆ, ಯಾವ ವಿಳಂಬವನ್ನೂ ಮಾಡದೆ, ಬಂದುದನ್ನು ಬಂದಂತೆ ಒಪ್ಪಿಸುತ್ತಿದ್ದುದರಿಂದ ಅದನ್ನು ತೆಗೆಯಬೇಕೆಂಬ ತುರ್ತು ಯಾರಿಗೂ ಇರಲಿಲ್ಲ.

ನಮ್ಮ ದೇಶದಲ್ಲಿ ಟೆಲಿಫೋನು ವಿನಿಮಯ ಕೇಂದ್ರಗಳು 1882ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸುಗಳಲ್ಲಿ ತೆರೆದವು. ಮದರಾಸಿನಲ್ಲಿ ಸಿ. ವಿ. ಕೃಷ್ಣಸ್ವಾಮಿ ಚೆಟ್ಟಿಯವರ ಪ್ರಯತ್ನದಿಂದ ಪ್ರೆಸಿಡೆನ್ಸಿ ರೇಡಿಯೊ ಕ್ಲಬ್ಬು 1924ರ ಜುಲೈ 31ರಂದು ಪ್ರಸಾರವನ್ನು ಆರಂಭಿಸಿದ ಕಾಲಕ್ಕೆ, ಜಗತ್ತಿನಲ್ಲಿ ಎಲ್ಲೆಡೆಯೂ ಸ್ಫಟಿಕದ ರೇಡಿಯೊ ಸಾಮಾನ್ಯವಾಗಿದ್ದಿತು; ಅದಕ್ಕೆ ಧ್ವನಿಯನ್ನು ವರ್ಧಿಸುವ ಕವಾಟವಿಲ್ಲದ್ದರಿಂದ ಹೆಡ್‌ಫೋನಿನ ಹೊರತು ಕೇಳುವ ಬೇರೆ ದಾರಿಯೇ ಇರಲಿಲ್ಲ. ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಆಕಾಶವಾಣಿಯನ್ನು ಆರಂಭಿಸಿದ ಹೊತ್ತಿಗೆ ಧ್ವನಿವರ್ಧಕವುಳ್ಳ ರೇಡಿಯೊಗಳು ಬಂದಿದ್ದವಾಗಿ, ಕೇಳುವ ಕ್ರಿಯೆಯು ಮನೆಮಂದಿಯೆಲ್ಲರ, ಕೆಲವೆಡೆ ಓಣಿಯವರೆಲ್ಲರ, ಸಾಮೂಹಿಕ ಸುಖವಾಗಿ ಮಾರ್ಪಟ್ಟಿತು. ಹೆಡ್‌ಫೋನು ಆಗ ಮನೆಯಿಂದ ಹಿಂದೆ ಸರಿದು ಮತ್ತೆ ದುಡಿಯುವವರ ಕಿವಿಗೆ ಮರಳಿತು: ತಾರು ಕಚೇರಿಯವರು, ಸೈನ್ಯದ ಸಂಕೇತ ವಿಭಾಗದವರು, ಟ್ರಂಕ್ ಕರೆಗಳನ್ನು ಜೋಡಿಸುವವರು. ನಡುವೆ ಆಪರೇಟರರಿಲ್ಲದೆ ಊರಿಂದೂರಿಗೆ ನೇರವಾಗಿ ಕರೆಮಾಡುವ ಸೌಕರ್ಯವು ಭಾರತದಲ್ಲಿ 1960ರಲ್ಲಿ ಕಾನ್ಪುರ ಮತ್ತು ಲಕ್ನೋಗಳ ನಡುವೆ ಆರಂಭವಾಗಿ, ಬೇರೆ ಊರುಗಳಿಗೆ ನಿಧಾನವಾಗಿ ಹರಡಿತು. ಆದುದರಿಂದ ದೂರದ ಊರಿಗೆ ಕರೆಯನ್ನು ಕಾದಿರಿಸಿ ಗಂಟೆಗಟ್ಟಲೆ ಕಾದವರ ನೆನಪಿನಲ್ಲಿ ಆ ಆಪರೇಟರರ ಧ್ವನಿ ಇನ್ನೂ ಇದ್ದೀತು.

ಸಂಗೀತಕ್ಕಾಗಿ ಹೆಡ್‌ಫೋನು ಮರಳಿ ಬಂದ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಬರ್ಲಿನ್ನಿನ ಆಯ್ಗನ್ ಬೇಯರ್ 1937ರಲ್ಲಿ ಡಿಟಿ 48 ಎಂಬ ಮಾದರಿಯನ್ನು ಹೊರತಂದನು. ಅಮೆರಿಕದ ಮಿಲ್ವಾಕಿಯಲ್ಲಿ ಜಾನ್ ಕಾಸ್ 1958ರಲ್ಲಿ ಸ್ಟೀರಿಯೊ ಸಂಗೀತಕ್ಕೆಂದೇ ಹೆಡ್‌ಫೋನನ್ನು ಮಾಡಿ ಮಾರಿದನು. ಜರ್ಮನಿಯ ಜೆನ್‌ಹೈಸರ್ ಸಂಸ್ಥೆ 1968ರಲ್ಲಿ ಕಿವಿಯನ್ನು ಪೂರ್ಣವಾಗಿ ಮುಚ್ಚದ, ಹಗುರವಾದ ಎಚ್‌ಡಿ 414ನ್ನು ತಂದಿತು. 1979ರ ಜುಲೈ 1ರಂದು ಸೋನಿ ಸಂಸ್ಥೆಯ ವಾಕ್‌ಮನ್ ಜಪಾನಿನಲ್ಲಿ ಮಾರಾಟಕ್ಕೆ ಬಂದಾಗ, ಒಬ್ಬನೇ ಕಿವಿ ಮುಚ್ಚಿಕೊಂಡು ಕೇಳುವುದು ಬಳಿಯಲ್ಲಿರುವವರಿಗೆ ಅವಿನಯವೆನಿಸೀತೆಂದು ಅಕಿಯೊ ಮೊರಿಟಾ ಅಳುಕಿ, ಮೊದಲ ಮಾದರಿಯಲ್ಲಿ ಇಬ್ಬರು ಒಟ್ಟಿಗೆ ಕೇಳಲು ಎರಡು ರಂಧ್ರಗಳನ್ನಿಡಿಸಿದನು. ಜನರು ಎರಡನೆಯ ರಂಧ್ರವನ್ನು ಅಷ್ಟಾಗಿ ಬಳಸಲಿಲ್ಲ. ಆ ಅಳುಕು ನನಗೆ ಸಜ್ಜನಿಕೆಯ ಕುರುಹಾಗಿ ತೋರುತ್ತದೆ. ಇಂದು ಒಂದೇ ಮನೆಯಲ್ಲಿ ನಾಲ್ವರು ನಾಲ್ಕು ಲೋಕಗಳನ್ನು ಕೇಳುತ್ತ ಕುಳಿತಿರುವಾಗ ಅದನ್ನು ನೆನೆಯುವುದು ಅಯುಕ್ತವಲ್ಲ.

ದುಡಿಮೆಯ ಹೆಡ್‌ಸೆಟ್ಟಿನ ಇನ್ನೊಂದು ಶಾಖೆ ಆಕಾಶಕ್ಕೆ ಏರಿತು. ಕ್ಯಾಲಿಫೋರ್ನಿಯಾದ ಸಾಂತಾಕ್ರೂಜ್ ಎಂಬಲ್ಲಿ ಕೋರ್ಟ್ನಿ ಗ್ರಹಾಂ ಮತ್ತು ಕೀತ್ ಲಾರ್ಕಿನ್ ಎಂಬ ಇಬ್ಬರು ವಿಮಾನಚಾಲಕರು, ತಾವು ಹೊರಬೇಕಾಗಿದ್ದ ಭಾರವಾದ ಸಾಧನದಿಂದ ಬಳಲಿ, 1961ರಲ್ಲಿ ಪ್ಲಾಂಟ್ರಾನಿಕ್ಸ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಹಗುರವಾದ ಹೆಡ್‌ಸೆಟ್ಟನ್ನು ತಯಾರಿಸಿದರು. 1969ರ ಜುಲೈಯಲ್ಲಿ ಚಂದ್ರನ ನೆಲದಿಂದ ನೀಲ್ ಆರ್ಮ್‌ಸ್ಟ್ರಾಂಗ್ ಆಡಿದ ಮಾತುಗಳು ಆ ಸಂಸ್ಥೆಯ ಹೆಡ್‌ಸೆಟ್ಟಿನ ಮೂಲಕವೇ ಭೂಮಿಯನ್ನು ತಲಪಿದವು. ಮೂವತ್ತು ವರ್ಷಗಳ ತರುವಾಯ, 1948ರಿಂದ ಟೆಲಿಫೋನುಗಳನ್ನು ತಯಾರಿಸುತ್ತಿದ್ದ ಐಟಿಐ ಕಾರ್ಖಾನೆಯ ಊರಾದ ಬೆಂಗಳೂರಿನಲ್ಲಿ, ಅದೇ ವಂಶದ ಹೆಡ್‌ಸೆಟ್ಟುಗಳನ್ನು ತೊಟ್ಟ ಸಾವಿರಾರು ತರುಣ ತರುಣಿಯರು ಅಮೆರಿಕದ ಹಗಲಿಗೆ ಹೊಂದಿಕೊಂಡು ರಾತ್ರಿಯೆಲ್ಲ ಎಚ್ಚರವಾಗಿದ್ದು ಕಾಲ್ ಸೆಂಟರುಗಳಲ್ಲಿ ದುಡಿದರು. ಎಮ್ಮಾ ನಟ್‌ಳ ಉದ್ಯೋಗವು ಸಮುದ್ರವನ್ನು ದಾಟಿ ನಮ್ಮ ಮಕ್ಕಳಿಗೆ ಬಂದಿದ್ದಿತು. ಅವರ ಹೆಡ್‌ಸೆಟ್ಟುಗಳು ಬಹುಮಟ್ಟಿಗೆ ತಂತಿಯವೇ ಆಗಿದ್ದವು. ಸರದಿಯ ಮೇಲೆ ಹಗಲಿರುಳು ಬಳಕೆಯಲ್ಲಿರುವ ಸಾಧನಕ್ಕೆ ವಿದ್ಯುತ್ತು ತುಂಬಲು ಬಿಡುವೆಲ್ಲಿ?

ಆಟದ ಕಡೆಗೆ ಬರೋಣ. 1993ರಲ್ಲಿ ಬಂದ ಡೂಮ್ ಎಂಬ ಕಂಪ್ಯೂಟರ್ ಆಟದಲ್ಲಿ ಶತ್ರುವಿನ ಸದ್ದು ಎಡದಿಂದ ಬಂತೋ ಬಲದಿಂದ ಬಂತೋ, ದೂರದ್ದೋ ಸಮೀಪದ್ದೋ ಎಂಬುದು ತಕ್ಕಮಟ್ಟಿಗೆ ತಿಳಿಯುತ್ತಿತ್ತು. 1999ರಲ್ಲಿ ಹುಟ್ಟಿದ ಕೌಂಟರ್-ಸ್ಟ್ರೈಕ್‌ನಲ್ಲಿ ಇದು ಆಟದ ಜೀವಾಳವೇ ಆಯಿತು: ಓಡಿದವನ ಹೆಜ್ಜೆ ಸದ್ದು ಎದುರಾಳಿಗೆ ಕೇಳಿಸುತ್ತದೆ, ಮೆಲ್ಲನೆ ನಡೆದವನದು ಕೇಳಿಸುವುದಿಲ್ಲ, ಗೋಡೆಯಾಚೆಯ ಹೆಜ್ಜೆಯನ್ನು ಕಿವಿಯಿಂದಲೇ ಅಳೆದು ಅಲ್ಲಿ ಗುರಿಯಿಟ್ಟು ಕಾಯುವವನು ಗೆಲ್ಲುತ್ತಾನೆ. ಬೆಂಗಳೂರಿನ ಸೈಬರ್ ಕೆಫೆಗಳಲ್ಲಿ ಸಾಲಾಗಿ ಕುಳಿತು ಈ ಆಟವನ್ನಾಡಿದ ತಲೆಮಾರಿನವರು ಇಂದು ನಲವತ್ತನ್ನು ಸಮೀಪಿಸುತ್ತಿದ್ದಾರೆ; ಆದೇರ್ ಪ್ಯಾರಿಸಿನಲ್ಲಿ ತೋರಿಸಿದ, ರೇಲಿ ವಿವರಿಸಿದ ತತ್ತ್ವವನ್ನು ಅವರು ಪುಸ್ತಕವಿಲ್ಲದೆ ಅಭ್ಯಾಸಬಲದಿಂದ ಕಲಿತವರು. 2002ರ ಆಗಸ್ಟಿನಲ್ಲಿ ಪ್ಲೇಸ್ಟೇಷನ್ 2ಕ್ಕಾಗಿ ಬಂದ ಸೋಕಾಂ ಎಂಬ ಆಟದ ಪೆಟ್ಟಿಗೆಯಲ್ಲಿ ಹೆಡ್‌ಸೆಟ್ಟೊಂದನ್ನು ಜೊತೆಗಿಟ್ಟು ಮಾರಲಾಯಿತು. ಅದೇ ವರ್ಷದ ನವೆಂಬರಿನಲ್ಲಿ ಎಕ್ಸ್‌ಬಾಕ್ಸ್ ಲೈವ್ ಆರಂಭವಾದಾಗ ಚಂದಾದಾರರಿಗೆ ಮೊದಲ ಕಟ್ಟಿನಲ್ಲಿಯೇ ಒಂದು ಕಿವಿಯ ಹೆಡ್‌ಸೆಟ್ಟು ದೊರೆಯಿತು. ಹೀಗೆ ಆಟಗಾರನಿಗೆ ಎರಡು ಬೇಡಿಕೆಗಳು ಹುಟ್ಟಿದವು: ದಿಕ್ಕನ್ನು ಗುರುತಿಸುವಷ್ಟು ಸ್ಫುಟವಾಗಿ ಎರಡು ಕಿವಿಗಳಲ್ಲಿ ಕೇಳಬೇಕು, ಅದೇ ಕ್ಷಣದಲ್ಲಿ ಜೊತೆಯವರೊಡನೆ ಮಾತನಾಡಲೂಬೇಕು. ಸಂಗೀತದ ಹೆಡ್‌ಫೋನೂ ಟೆಲಿಫೋನು ಆಪರೇಟರಳ ಹೆಡ್‌ಸೆಟ್ಟೂ ಕೂಡಿ ಗೇಮಿಂಗ್ ಹೆಡ್‌ಸೆಟ್ಟು ಆಯಿತು.

ಇನ್ನು ತಂತಿಯನ್ನು ಕಡಿದ ಕಥೆ. ಬೆಳಕಿನ ಕಣ್ಣಿಗೆ ಕಾಣದ ಭಾಗವಾದ ಅತಿರಕ್ತ ಕಿರಣಗಳಿಂದ ಶಬ್ದವನ್ನು ಸಾಗಿಸುವ ಹೆಡ್‌ಫೋನುಗಳು 1970ರ ದಶಕದಲ್ಲಿಯೇ ಬಂದಿದ್ದವು. ನಡುವೆ ಯಾರಾದರೂ ಅಡ್ಡ ಬಂದರೆ ಅವು ಮೂಕವಾಗುತ್ತಿದ್ದುದರಿಂದ ಮನೆಯಲ್ಲಿ ದೂರದರ್ಶನವನ್ನು ನೋಡುವವರಿಗಷ್ಟೇ ಒದಗಿದವು. ನಿಜವಾದ ಮಾರ್ಗವು ರೇಡಿಯೊ ತರಂಗದ ಒಂದು ಪಾಳುಬಿದ್ದಂತಿದ್ದ ಪಟ್ಟಿಯಿಂದ ತೆರೆಯಿತು. 1947ರ ಅಂತರರಾಷ್ಟ್ರೀಯ ಸಮ್ಮೇಳನವು 2.4 ಗಿಗಾಹರ್ಟ್ಸಿನ ಸುತ್ತಲ ತರಂಗಗಳನ್ನು ಕೈಗಾರಿಕೆ, ವೈದ್ಯಕೀಯ ಮುಂತಾದ ಕಾರ್ಯಗಳಿಗೆ ಬಿಟ್ಟುಕೊಟ್ಟಿತ್ತು. ಅನ್ನವನ್ನು ಬಿಸಿಮಾಡುವ ಮೈಕ್ರೋವೇವ್ ಒಲೆ ಅಲ್ಲಿಯೇ ನೆಲೆಸಿತ್ತು. ಒಲೆಗಳ ಗದ್ದಲದ ನಡುವೆಯೂ ಮಂದಶಕ್ತಿಯ ಸಂವಹನವನ್ನು ಪರವಾನಗಿಯಿಲ್ಲದೆ ನಡೆಸಬಹುದೆಂದು ಅಮೆರಿಕದ ಸಂವಹನ ಆಯೋಗವು 1985ರಲ್ಲಿ ಅನುಮತಿಯಿತ್ತಿತು. ಭಾರತ ಸರಕಾರವು ಅಂತಹುದೇ ವಿನಾಯಿತಿಯನ್ನು 2005ರಲ್ಲಿ ನೀಡಿತು. ಇಂದಿನ ವೈಫೈಯ ಒಂದು ಭಾಗ, ಬ್ಲೂಟೂತ್, ಗೇಮಿಂಗ್ ಹೆಡ್‌ಸೆಟ್ಟು ಎಲ್ಲವೂ ಈ ಒಂದೇ ಪಟ್ಟಿಯಲ್ಲಿ ನೂಕುನುಗ್ಗಲಿನಿಂದ ಬಾಳುತ್ತಿವೆ.

ಸ್ವೀಡನ್ನಿನ ಎರಿಕ್ಸನ್ ಸಂಸ್ಥೆಯಲ್ಲಿ ಯಾಪ್ ಹಾರ್ಟ್‌ಸೆನ್ ಎಂಬ ಡಚ್ ಯಂತ್ರಜ್ಞನು 1994ರಲ್ಲಿ ಕೈಗೊಂಡ ಕಾರ್ಯದಿಂದ ಬ್ಲೂಟೂತ್ ಹುಟ್ಟಿತು; 1998ರಲ್ಲಿ ಹಲವು ಸಂಸ್ಥೆಗಳು ಕೂಡಿ ಅದರ ಒಕ್ಕೂಟವನ್ನು ರಚಿಸಿಕೊಂಡವು. ಸೆಕೆಂಡಿಗೆ 1600 ಬಾರಿ ತರಂಗವನ್ನು ಬದಲಿಸುತ್ತ 79 ದಾರಿಗಳಲ್ಲಿ ಜಿಗಿಯುವ ಅದರ ಕ್ರಮವು ಸದ್ದುಗದ್ದಲದಿಂದ ತಪ್ಪಿಸಿಕೊಳ್ಳುವ ಜಾಣ್ಮೆಯ ಉಪಾಯ. ಇದೇ ಬಗೆಯ ತರಂಗಜಿಗಿತವನ್ನು ಚಲಚ್ಚಿತ್ರ ನಟಿ ಹೆಡಿ ಲಮಾರ್ ಮತ್ತು ಸಂಗೀತಕಾರ ಜಾರ್ಜ್ ಆಂಥೈಲ್ 1942ರಲ್ಲಿಯೇ ಜಲಾಸ್ತ್ರಗಳ ನಿಯಂತ್ರಣಕ್ಕಾಗಿ ಹಕ್ಕುಪತ್ರದಲ್ಲಿ ನಿರೂಪಿಸಿದ್ದರು. ಆದರೆ ಎರಿಕ್ಸನ್ ಟೆಲಿಫೋನು ಸಂಸ್ಥೆ. ಅದರ ಕಣ್ಣಮುಂದಿದ್ದುದು ಮೊಬೈಲಿನಲ್ಲಿ ಮಾತನಾಡುವವನು. ಮಾತು ಅರ್ಥವಾದರೆ ಸಾಕು, ಒಂದು ಕಿವಿಗೆ ಕೇಳಿಸಿದರೆ ಸಾಕು. ಈ ಜನ್ಮಲಕ್ಷಣವು ಇಂದಿಗೂ ಬ್ಲೂಟೂತನ್ನು ಬಿಟ್ಟಿಲ್ಲ. ಹಾಡನ್ನು ಕೇಳುವಾಗ ಅದು ಎರಡು ಕಿವಿಗಳಿಗೂ ಒಳ್ಳೆಯ ಧ್ವನಿಯನ್ನೇ ಕೊಡುತ್ತದೆ. ಅದೇ ಹೆಡ್‌ಸೆಟ್ಟಿನ ಮೈಕನ್ನು ತೆರೆದು ಮಾತನಾಡಲು ತೊಡಗಿದೊಡನೆ, ರೂಢಿಯಲ್ಲಿರುವ ಹಳೆಯ ಕ್ರಮದಲ್ಲಿ, ಅದು ಟೆಲಿಫೋನಿನ ವಿಧಾನಕ್ಕೆ ಇಳಿದು, ಸಂಕುಚಿತವಾದ, ಎರಡು ಕಿವಿಗಳಲ್ಲೂ ಒಂದೇ ಆದ ಧ್ವನಿಯನ್ನು ಒಪ್ಪಿಸುತ್ತದೆ. ಎಡಬಲಗಳ ಭೇದವು ಅಳಿಸಿಹೋಗುತ್ತದೆ. ಆಟಗಾರನು ಯಾವುದಕ್ಕಾಗಿ ಹೆಡ್‌ಸೆಟ್ಟನ್ನು ಕೊಂಡನೋ ಅದೇ, ಅವನು ಜೊತೆಗಾರನಿಗೆ ಎಚ್ಚರಿಕೆಯ ಮಾತು ಹೇಳುವ ಹೊತ್ತಿಗೆ, ಇಲ್ಲವಾಗುತ್ತದೆ. ಎಲ್‌ಇ ಆಡಿಯೊ ಎಂದು 2020ರಲ್ಲಿ ಘೋಷಿತವಾದ ಹೊಸ ಕ್ರಮವು ಈ ದೋಷವನ್ನು ನೀಗಬಲ್ಲುದು. ಆದರೆ ಹೆಡ್‌ಸೆಟ್ಟೂ ಅದಕ್ಕೆ ಎದುರಾದ ಯಂತ್ರವೂ ಎರಡೂ ಅದನ್ನು ಅರಿತಿರಬೇಕು.

ಎರಡನೆಯ ದೋಷವು ವಿಳಂಬ. ಶಬ್ದವನ್ನು ಕಟ್ಟು ಕಟ್ಟಾಗಿ ಸಂಕೋಚಿಸಿ, ಕಳುಹಿಸಿ, ತಪ್ಪಿದುದನ್ನು ಮತ್ತೆ ಕಳುಹಿಸಿ, ಅಲ್ಲಿ ಬಿಡಿಸಿ ಕೇಳಿಸುವ ಈ ವ್ಯವಹಾರದಲ್ಲಿ ಸಾಮಾನ್ಯ ಬ್ಲೂಟೂತ್ ಸುಮಾರು 150ರಿಂದ 250 ಮಿಲಿಸೆಕೆಂಡುಗಳಷ್ಟು ತಡಮಾಡುತ್ತದೆ. ಗಾಳಿಯಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 343 ಮೀಟರು ಚಲಿಸುವುದರಿಂದ, 200 ಮಿಲಿಸೆಕೆಂಡಿನ ತಡವೆಂದರೆ ಎದುರಿಗಿರುವವನ ಮಾತನ್ನು ಸುಮಾರು 70 ಮೀಟರು ದೂರದಿಂದ, ಒಂದು ಸಣ್ಣ ಕೆರೆಯ ಆಚೆಯ ದಡದಿಂದ ಅಗಸನ ಬಟ್ಟೆ ಒಗೆತದ ಸದ್ದು ಕೇಳಿಸುವಂತೆ, ಕೈ ಮೇಲೆದ್ದ ಮೇಲೆ ಕೇಳಿದಂತೆ. ಶಬ್ದಕ್ಕೆ ಪ್ರತಿಕ್ರಿಯಿಸಲು ಮನುಷ್ಯನಿಗೆ ಸಾಮಾನ್ಯವಾಗಿ 150 ಮಿಲಿಸೆಕೆಂಡಿನ ಆಸುಪಾಸು ಬೇಕು. ಯಂತ್ರವು ಅಷ್ಟನ್ನೇ ಅಥವಾ ಅದಕ್ಕಿಂತ ಹೆಚ್ಚನ್ನೇ ಮುಂಚಿತವಾಗಿ ಕಬಳಿಸಿದರೆ ಎಷ್ಟು ಚುರುಕಾದ ಆಟಗಾರನೂ ಏನು ಮಾಡಿಯಾನು?

ಆಟದ ಯಂತ್ರಗಳನ್ನು ಮಾಡುವವರೇ ಈ ಸಂಗತಿಯನ್ನು ಚೆನ್ನಾಗಿ ಬಲ್ಲರೆಂಬುದಕ್ಕೆ ಅವರ ನಡೆಯೇ ಸಾಕ್ಷಿ. 2006ರ ಪ್ಲೇಸ್ಟೇಷನ್ 3ರಲ್ಲಿ ಬ್ಲೂಟೂತ್ ಹೆಡ್‌ಸೆಟ್ಟಿಗೆ ಅವಕಾಶವಿದ್ದಿತು. 2020ರಲ್ಲಿ ಬಂದ ಪ್ಲೇಸ್ಟೇಷನ್ 5ರಲ್ಲಿ ಬ್ಲೂಟೂತ್ ಹೆಡ್‌ಫೋನಿಗೆ ನೇರವಾದ ಪ್ರವೇಶವೇ ಇಲ್ಲ, ಸೋನಿಯ ತನ್ನದೇ ನಿಸ್ತಂತು ಹೆಡ್‌ಸೆಟ್ಟೂ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವ ಪುಟ್ಟ ಡಾಂಗಲ್ ಒಂದರ ಮೂಲಕ ಮಾತನಾಡುತ್ತದೆ. ಎಕ್ಸ್‌ಬಾಕ್ಸ್‌ನವರು ತಮ್ಮದೇ ನಿಸ್ತಂತು ಕ್ರಮವನ್ನು ರೂಪಿಸಿಕೊಂಡರು. ನಿಂಟೆಂಡೊ ಸ್ವಿಚ್ 2021ರ ಸೆಪ್ಟೆಂಬರಿನಲ್ಲಿ ಬ್ಲೂಟೂತನ್ನು ಒಳಗೆ ಬಿಟ್ಟುಕೊಂಡಿತಾದರೂ ಮೈಕಿಗೆ ಅನುಮತಿಯೀಯಲಿಲ್ಲ. ಗೇಮಿಂಗ್ ಹೆಡ್‌ಸೆಟ್ಟಿನ ಹೆಸರಾಂತ ತಯಾರಕರೆಲ್ಲರೂ ಅದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ, ಆದರೆ ತಮ್ಮ ಡಾಂಗಲ್ಲಿಗೂ ಹೆಡ್‌ಸೆಟ್ಟಿಗೂ ಮಾತ್ರ ತಿಳಿದ ಸ್ವಂತ ಭಾಷೆಯಲ್ಲಿ, ವ್ಯವಹರಿಸುತ್ತಾರೆ. ಇದರಿಂದ ವಿಳಂಬವು ಸುಮಾರು 20ರಿಂದ 40 ಮಿಲಿಸೆಕೆಂಡಿಗೆ ಇಳಿಯುತ್ತದೆ, ಮಾತನಾಡುವಾಗಲೂ ಎರಡು ಕಿವಿಗಳ ಭೇದ ಉಳಿಯುತ್ತದೆ. ಇದು ಒಪ್ಪತಕ್ಕ ಸಾಧನೆ. ಮನೆಯಲ್ಲಿ ಆಡುವವನಿಗೆ ಈ ತಡವು ಅನುಭವಕ್ಕೆ ಬರುವುದು ಅಪರೂಪ. ಹಾಗಿದ್ದರೂ ದೊಡ್ಡ ಪಂದ್ಯಗಳ ವೇದಿಕೆಯ ಮೇಲೆ ಕೂರುವ ವೃತ್ತಿಪರರು ಕಿವಿಯೊಳಗೆ ತಂತಿಯ ಇಯರ್‌ಫೋನನ್ನು ಇಟ್ಟು, ಜನರ ಗದ್ದಲವನ್ನು ತಡೆಯಲು ಅದರ ಮೇಲೆ ದೊಡ್ಡ ಹೆಡ್‌ಸೆಟ್ಟನ್ನು ತೊಡುವ ಪದ್ಧತಿ ಇಂದಿಗೂ ಬಳಕೆಯಲ್ಲಿದೆ. ಜಾಹೀರಾತಿನಲ್ಲಿ ಅವರ ತಲೆಯ ಮೇಲೆ ಕಾಣುವುದು ಒಂದು, ಗೆಲುವಿಗಾಗಿ ಅವರು ನಂಬುವುದು ಇನ್ನೊಂದು.

ಮೂರನೆಯ ದೋಷವು ಬ್ಯಾಟರಿಯದು, ಮತ್ತು ನನ್ನ ಮಟ್ಟಿಗೆ ಇದೇ ಎಲ್ಲಕ್ಕಿಂತ ಗುರುತರವಾದುದು. ಸೋನಿ ಸಂಸ್ಥೆ 1991ರಲ್ಲಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಬ್ಯಾಟರಿ ಇಲ್ಲದಿದ್ದರೆ ಹಗುರವಾದ ನಿಸ್ತಂತು ಹೆಡ್‌ಸೆಟ್ಟು ಸಾಧ್ಯವೇ ಆಗುತ್ತಿರಲಿಲ್ಲ. ಅದರ ಸಾಮರ್ಥ್ಯವೂ ಬೆಳೆದಿದೆ, 2022ರಲ್ಲಿ ಬಂದ ಹೈಪರ್‌ಎಕ್ಸ್ ಕ್ಲೌಡ್ ಆಲ್ಫಾದ ನಿಸ್ತಂತು ಮಾದರಿಯು ಒಮ್ಮೆ ತುಂಬಿದರೆ 300 ಗಂಟೆ ನಡೆಯುವುದೆಂದು ತಯಾರಕರು ಹೇಳುತ್ತಾರೆ. ಆದರೆ ಈ ಬಗೆಯ ಬ್ಯಾಟರಿಯು ಕೆಲವು ನೂರು ಬಾರಿ ತುಂಬಿ ಬರಿದಾದ ಮೇಲೆ ಸಹಜವಾಗಿ ಸೊರಗುತ್ತದೆ, ಮತ್ತು ಬಹುಪಾಲು ಹೆಡ್‌ಸೆಟ್ಟುಗಳಲ್ಲಿ ಅದು ಮಾಲಿಕನು ತೆರೆಯಲಾರದ ಕವಚದೊಳಗೆ ಹುದುಗಿರುತ್ತದೆ. 1968ರ ಎಚ್‌ಡಿ 414ರ ತಂತಿಯನ್ನು ಕಳಚಿ ಹೊಸದನ್ನು ಹಾಕಬಹುದಾಗಿದ್ದಿತು; ಆ ಕಾಲದ ಎಷ್ಟೋ ಹೆಡ್‌ಫೋನುಗಳು ಇಂದಿಗೂ ಹಾಡುತ್ತಿವೆ. ಐದಾರು ವರ್ಷಗಳಲ್ಲಿ ಸ್ಪೀಕರೂ ಮೈಕೂ ಚೆನ್ನಾಗಿದ್ದರೂ ಬ್ಯಾಟರಿಯೊಂದರ ದೆಸೆಯಿಂದ ಕಸದ ಬುಟ್ಟಿಗೆ ಹೋಗುವ ವಸ್ತುವನ್ನು ಪ್ರಗತಿಯೆಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ಐರೋಪ್ಯ ಒಕ್ಕೂಟವು ಈ ಅನ್ಯಾಯವನ್ನು ಕಂಡು 2023ರ ಕಾನೂನಿನಲ್ಲಿ, 2027ರ ಫೆಬ್ರವರಿಯಿಂದ ಕೈಸಾಧನಗಳ ಬ್ಯಾಟರಿಯನ್ನು ಕೆಲವು ವಿನಾಯಿತಿಗಳ ಹೊರತು ಬಳಕೆದಾರನೇ ಬದಲಿಸುವಂತಿರಬೇಕೆಂದು ವಿಧಿಸಿದೆ. ಅದರ ಫಲವು ನಮ್ಮ ಅಂಗಡಿಗಳಿಗೂ ಬರಲೆಂದು ಹಾರೈಸುತ್ತೇನೆ.

ಹಣದ ಲೆಕ್ಕವನ್ನೂ ಹೇಳಿಬಿಡುವುದು ಒಳ್ಳೆಯದು. ಹೈಪರ್‌ಎಕ್ಸ್ ಕ್ಲೌಡ್ 2 ಎಂಬ ಜನಪ್ರಿಯ ಮಾದರಿಯು ತಂತಿಯೊಡನೆ ಅಮೆರಿಕದಲ್ಲಿ ಮೊದಲು 100 ಡಾಲರಿಗೆ ಬಂದಿತು. ಅದನ್ನೇ ನಿಸ್ತಂತುವಾಗಿ ಮಾಡಿ 2020ರಲ್ಲಿ ಮಾರಿದಾಗ ಬೆಲೆ 150 ಡಾಲರು. ಅಂದರೆ ಒಂದೆರಡು ಮೀಟರು ತಂತಿಯಿಲ್ಲದಿರುವುದಕ್ಕೆ ಅರ್ಧಪಟ್ಟು ಹೆಚ್ಚಿನ ಹಣ. ಅದೇ ಹಣದಲ್ಲಿ ತಂತಿಯ ಸಾಧನವನ್ನು ಆರಿಸಿದರೆ ಧ್ವನಿಯೂ ಮೈಕೂ ಒಂದು ಮೆಟ್ಟಲು ಮೇಲಿನದು ದೊರೆಯುವುದು ಸಾಮಾನ್ಯ.

ಈ ಎಲ್ಲವನ್ನೂ ತೂಗಿನೋಡಿದ ಮೇಲೆ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ತಿಳಿಸುತ್ತೇನೆ. ಮೇಜಿನ ಮುಂದೆ, ಕಂಪ್ಯೂಟರಿಗೆ ಒಂದು ಮೊಳದ ದೂರದಲ್ಲಿ ಕುಳಿತು ಆಡುವ ವಿದ್ಯಾರ್ಥಿಗೆ ನಿಸ್ತಂತು ಹೆಡ್‌ಸೆಟ್ಟು ಬೇಕಿಲ್ಲ. ಅವನ ಸ್ಥಿತಿಯು ಸ್ವಿಚ್‌ಬೋರ್ಡಿನ ಮುಂದೆ ಕುಳಿತ ಆಪರೇಟರಳದೇ, ಮತ್ತು ಅವಳಿಗೆ ತೊಂದರೆಯಾದುದು ಸಾಧನದ ತೂಕದಿಂದ ಹೊರತು ತಂತಿಯ ಉದ್ದದಿಂದಲ್ಲ. ಮೊಬೈಲಿನಲ್ಲಿ ಆಡುವವರು, ನಮ್ಮ ದೇಶದಲ್ಲಿ ಇವರೇ ಬಹುಸಂಖ್ಯಾತರು, ಫೋನಿನ ಟೈಪ್-ಸಿ ಕಿಂಡಿಗೆ ಸಿಕ್ಕಿಸುವ ತಂತಿಯ ಇಯರ್‌ಫೋನನ್ನು ಕೊಂಡರೆ ಕಡಿಮೆ ಹಣದಲ್ಲಿ ಹೆಚ್ಚಿನ ಪ್ರಯೋಜನವನ್ನು ಪಡೆದಾರು. ನಡುಮನೆಯಲ್ಲಿ ದೂರದರ್ಶನದಿಂದ ಹತ್ತಡಿ ದೂರ ಕುಳಿತು ಆಡುವವರು, ಆಟದ ನಡುವೆ ಎದ್ದು ಹಿರಿಯರ ಕರೆಗೆ ಓಗೊಡಬೇಕಾದವರು, ಹಗಲು ಅದೇ ಹೆಡ್‌ಸೆಟ್ಟಿನಲ್ಲಿ ಕಚೇರಿಯ ಸಭೆಗಳಿಗೆ ಕುಳಿತು ನಡೆದಾಡುತ್ತ ಮಾತನಾಡುವವರು, ಇವರಿಗೆ ನಿಸ್ತಂತು ಸಾಧನವು ನಿಜವಾದ ಉಪಕಾರ, ಹೆಚ್ಚಿನ ಹಣವು ವ್ಯರ್ಥವಲ್ಲ. ಅವರು ಕೊಳ್ಳುವುದಾದರೆ ಡಾಂಗಲ್ ಉಳ್ಳದ್ದನ್ನೇ ಕೊಳ್ಳಬೇಕು, ಬ್ಲೂಟೂತ್ ಒಂದನ್ನೇ ನೆಚ್ಚಿದ್ದನ್ನು ಆಟಕ್ಕಾಗಿ ಎಂದೂ ಕೊಳ್ಳಬಾರದು. ತಮ್ಮಲ್ಲಿರುವ ಯಂತ್ರಕ್ಕೆ ಆ ಡಾಂಗಲ್ ಹೊಂದುವುದೇ ಎಂಬುದನ್ನು ಮೊದಲೇ ವಿಚಾರಿಸಬೇಕು. ಯಾರೇ ಆಗಲಿ, ಧ್ವನಿಯನ್ನು ಮಿತದಲ್ಲಿಟ್ಟುಕೊಳ್ಳಬೇಕು. 80 ಡೆಸಿಬೆಲ್ಲಿನಲ್ಲಿ ವಾರಕ್ಕೆ 40 ಗಂಟೆ ಎಂಬುದು ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹಾಕಿರುವ ಮೇರೆ, ಮಕ್ಕಳಿಗೆ ಅದಕ್ಕಿಂತಲೂ ಕಡಿಮೆ.

ಕೊಳ್ಳಲು ಹೊರಟ ತಂದೆತಾಯಂದಿರಲ್ಲಿಯೂ ತರುಣರಲ್ಲಿಯೂ ನನ್ನದೊಂದು ವಿಜ್ಞಾಪನೆ: ಹಣವನ್ನು ಕೊಡುವ ಮುಂಚೆ ಅಂಗಡಿಯವರನ್ನು ಎರಡು ಪ್ರಶ್ನೆಗಳನ್ನು ಕೇಳಿರಿ. ಇದರ ಬ್ಯಾಟರಿ ಸತ್ತ ಮೇಲೆ ತಂತಿಯನ್ನು ಸಿಕ್ಕಿಸಿ ಬಳಸಲು ಬರುವುದೇ? ಬ್ಯಾಟರಿಯನ್ನು ನಾವೇ ಬದಲಿಸಬಹುದೇ? ಎರಡಕ್ಕೂ ಇಲ್ಲವೆಂಬ ಉತ್ತರ ಬಂದರೆ ಆ ಹೆಡ್‌ಸೆಟ್ಟನ್ನು ಅಲ್ಲಿಯೇ ಬಿಟ್ಟು, ತಂತಿಯುಳ್ಳದ್ದನ್ನು ತೆಗೆದುಕೊಳ್ಳಿರಿ.